ಮಾಮಿಯ ಆನರ್ಸೂ ಹೆತ್ತೆಯ ಪಾಪಗಳೂ

ಹೋದ ಭಾನುವಾರ ನಮ್ಮ ಅಪಾರ್ಟ್‌ಮೆಂಟಿನ ಸಭೆಯಲ್ಲಿ ನನ್ನ ಮಾನ ಹೋಯಿತು. ಹೋಗಲಿ ಬಿಡಿ, ಅದೇನು ಹೊಸದಲ್ಲ. ಸೆಕ್ರೆಟರಿ ಎದ್ದು ನಿಂತು ಗಂಟಲು ಸರಿಮಾಡಿಕೊಂಡು ದೂರುಗಳನ್ನು ಓದುತ್ತಿದ್ದರು. "ಮೆಟ್ಟಿಲ ಮೇಲೆ ಚಪ್ಪಲಿ ಬಿಡುವುದು... ಬೇರೆಯವರ ಜಾಗದಲ್ಲಿ ಗಾಡಿ ನಿಲ್ಲಿಸುವುದು... ಕಸದ ಚೀಲವನ್ನು ಲಿಫ್ಟಿನಲ್ಲೇ ಬಿಟ್ಟು ಹೋಗುವುದು..." ಒಂದೊಂದು ದೂರು ಮುಗಿದಾಗಲೂ ಉಸಿರು ತೆಗೆದುಕೊಳ್ಳಲು ಸ್ವಲ್ಪ ನಿಲ್ಲುತ್ತಿದ್ದರು. ಆ ನಿಲುಗಡೆ ಇದೆಯಲ್ಲ, ಅದನ್ನು ನನಗೆ ತಡೆದುಕೊಳ್ಳಲು ಆಗುವುದಿಲ್ಲ. ನನ್ನ ಬಾಯಿ ನನ್ನ ಅಪ್ಪಣೆ ಕೇಳದೆ ತಾನೇ ತೆರೆದುಕೊಂಡು ಇಡೀ ಸಭೆಗೆ ಕೇಳುವಂತೆ ಕೂಗಿಬಿಟ್ಟಿತು: "ಅದು ಪಾಪ!"

ಎಲ್ಲರೂ ತಿರುಗಿ ನೋಡಿದರು. ನನ್ನ ಗಂಡ ಚಾವಣಿಯ ಫ್ಯಾನನ್ನು ಇದೇ ಮೊದಲ ಸಲ ಕಂಡವರಂತೆ ದಿಟ್ಟಿಸತೊಡಗಿದರು. ಪಕ್ಕದ ಮನೆಯಾಕೆ ಮೆಲ್ಲಗೆ, "ಬೀಪಿ ಮಾತ್ರೆ ತಗೊಂಡ್ರಾ?" ಅಂದರು.

ಮಾತ್ರೆ ತೆಗೆದುಕೊಂಡಿದ್ದೆ. ಇದು ಮಾತ್ರೆಗೆ ಬಗ್ಗುವ ಕಾಯಿಲೆಯಲ್ಲ. ಇದರ ಬೇರು ನೀಲಗಿರಿಯಲ್ಲಿದೆ, ಇತ್ತಲಾರಿನ ಹತ್ತಿರದ ನಮ್ಮ ಹಟ್ಟಿಯಲ್ಲಿ. ಹೇಳುತ್ತೇನೆ. ಉದ್ದವಾಗುತ್ತದೆ. ನನ್ನ ಪೋಸ್ಟ್‌ಗಳು ಉದ್ದ ಎಂದು ದೂರುವವರು ಇಲ್ಲೇ ಇಳಿದುಕೊಳ್ಳಬಹುದು, ಕೆಳಗೆ ಯಾರೋ ಒಂದು ನಿಮಿಷದ ಅಡುಗೆ ಹಾಕಿದ್ದಾರೆ, ಅದನ್ನು ನೋಡಿ.

ನಾವು ಬಡಗರು. ನಮ್ಮ ಮಾತು ಕನ್ನಡಕ್ಕೆ ಹತ್ತಿರದ ನೆಂಟ. ಆದರೆ ಇದ್ದ ಹಾಗೇ ಬರೆದರೆ ಮೈಸೂರಿನ ನೀವು ಅರ್ಧದಲ್ಲೇ ಕೈಬಿಡುತ್ತೀರಿ, ಹಾಗಾಗಿ ಸ್ವಲ್ಪ ತಿದ್ದಿ ಹೇಳುತ್ತಿದ್ದೇನೆ. ಎರಡು ಪದ ಮಾತ್ರ ತಿದ್ದುವುದಿಲ್ಲ. ಅಜ್ಜಿ ಅಂದರೆ ನಮಗೆ ಹೆತ್ತೆ. ಅಪ್ಪನ ತಂಗಿ ಅಂದರೆ ಮಾಮಿ. ಈ ಕಥೆ ಅವರಿಬ್ಬರದು.

ಎಪ್ಪತ್ತರ ದಶಕದ ಕೊನೆಯ ಭಾಗ. ನಾನಿನ್ನೂ ಮೂಗು ಒರೆಸಿಕೊಳ್ಳುವುದನ್ನು ಕಲಿಯುತ್ತಿದ್ದ ವಯಸ್ಸು. ಕಮಲ ಮಾಮಿ ಬೆಟ್ಟ ಇಳಿದು ದೂರದ ಪಟ್ಟಣದ ಕ್ರಿಶ್ಚಿಯನ್ ಕಾಲೇಜಿನಲ್ಲಿ ಆನರ್ಸ್ ಓದುತ್ತಿದ್ದಳು. ಕಾಲೇಜಿನ ಹೆಸರು ಬೇಡ, ಹೇಳಿದರೆ ಅಲ್ಲಿ ಓದಿದವರೂ ಸೀಟು ಸಿಗದವರೂ ಕೆಳಗೆ ಬಂದು ಜಗಳ ಶುರುಮಾಡುತ್ತೀರಿ. ಊಟಿಯ ಮಿಷನ್ ಸ್ಕೂಲಿನ ಟೀಚರೊಬ್ಬರು ಹಟ್ಟಿಗೇ ಬಂದು, "ಈ ಹುಡುಗಿಯನ್ನು ಕಳಿಸಿ" ಎಂದು ನಮ್ಮ ಜಗಲಿಯ ಮೇಲೆ ಕೂತುಬಿಟ್ಟಿದ್ದರಂತೆ. ಅರವಂಕಾಡಿನ ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದ ಅಪ್ಪ ಒಪ್ಪಿದ. ಹೆತ್ತೆ, ಮಗಳು ಟೀಚರ್ ಆಗುತ್ತಾಳೆ ಅಂದುಕೊಂಡು ಒಪ್ಪಿದಳು. ಹಟ್ಟಿ ಒಪ್ಪಲಿಲ್ಲ, ಆದರೆ ಅಷ್ಟರಲ್ಲಿ ಮಾಮಿ ಮೇಟುಪಾಳಯದ ಬಸ್ಸು ಹತ್ತಿಯಾಗಿತ್ತು.

ತೊಂದರೆ ಬಂದದ್ದು ಆ ಓದಿಗೆ ಹೆಸರಿಲ್ಲದ್ದರಿಂದ. ನರ್ಸಿಂಗ್ ಅಂದರೆ ಸೂಜಿ, ಲಾ ಅಂದರೆ ಕೋರ್ಟು, ಎಲ್ಲರಿಗೂ ಗೊತ್ತು. ಮಾಮಿಯ ಓದು ಹಾಗಲ್ಲ. ಚರಿತ್ರೆ, ತತ್ವಶಾಸ್ತ್ರ, ಕಾವ್ಯ, ನಾಟಕ, ಲೋಕದ ಧರ್ಮಗಳು, ಚಿತ್ರ, ಸಂಗೀತ ಎಲ್ಲವನ್ನೂ ಬೇರೆ ಬೇರೆ ಮಾಡದೆ ಒಂದೇ ಮೇಜಿನ ಸುತ್ತ ಕೂತು ಓದುವುದು. ಮನುಷ್ಯ ಅಂದರೆ ಏನು, ಚೆನ್ನಾಗಿ ಬದುಕುವುದು ಅಂದರೆ ಏನು ಎಂದು ಮೂರು ವರ್ಷ ವಾದ ಮಾಡುವುದು. ಇದನ್ನು ಬೆಳ್ಳಿ ತಾತನಿಗೆ ಬಿಡಿಸಿ ಹೇಳಬೇಕಾಗಿ ಬಂದಾಗ ಮಾಮಿ ಬೆವತುಹೋದಳು.

ಬೆಳ್ಳಿ ತಾತ ಅಂದರೆ ಹೆತ್ತೆಯ ಮೈದುನ, ನಮ್ಮ ಹಟ್ಟಿಯ ಗೌಡ. ಅವರ ತಲೆಯ ಮುಂಡಾಸು ಒಂದು ದಿನವೂ ಸೊಟ್ಟಗಾದದ್ದು ನಾನು ಕಂಡಿರಲಿಲ್ಲ.

"ಎಂಥ ಪಡಿಪ್ಪು ಇದು? ಡಾಕ್ಟರಾ?"

"ಅಲ್ಲ ಚಿಕ್ಕಪ್ಪ."

"ವಕೀಲಾ?"

"ಇಲ್ಲೆ."

"ಮತ್ತೆ?"

"ಎಲ್ಲಾನೂ ಸೇರಿಸಿ ಓದೋದು ಚಿಕ್ಕಪ್ಪ. ಮನುಷ್ಯನ ಬಗ್ಗೆ."

"ಮನುಷ್ಯನ ಬಗ್ಗೆ ಓದೋಕೆ ಬೆಟ್ಟ ಇಳಿಯಬೇಕಾ? ಇಲ್ಲಿ ನಾವೇನು ಕೋಸುಗಡ್ಡೆನಾ?"

ಜಗಲಿಯಲ್ಲಿ ಕೂತವರೆಲ್ಲ ನಕ್ಕರು. ತಾತ ನಗಲಿಲ್ಲ. "ಹೆಸರು ಹೇಳೋಕೆ ಬಾರದ ಪಡಿಪ್ಪು ಅಂದ್ರೆ ನಂಗೆ ಗೊತ್ತು. ಮೂರು ವರ್ಷ ಆದ ಮೇಲೆ ಕೊರಳಲ್ಲಿ ಶಿಲುಬೆ ನೇತಾಕ್ಕೊಂಡು ಬರ್ತಾಳೆ, ಆಗ ಹೆಸರು ಹೇಳ್ತಾಳೆ."

ಒಳಗಿದ್ದ ಹೆತ್ತೆ ಅಷ್ಟಕ್ಕೆ ಬಿಡಲಿಲ್ಲ. ಅವರೆಕಾಳು, ಬೀನ್ಸು, ಉರುಳಗಡ್ಡೆ ಎಲ್ಲ ಒಟ್ಟಿಗೆ ಬೇಯುವ ನಮ್ಮ ಉದಕವನ್ನು ಕಲಕುತ್ತಾ, "ಉದಕ ಅಂದ್ಕೋ ಮೈದುನಾ. ಬೀನ್ಸ್ ಬೇರೆ, ಗಡ್ಡೆ ಬೇರೆ ಬೇಯ್ಸಿ ಇಟ್ರೆ ನೀನು ತಿಂತೀಯಾ?" ಅಂದಳು. ಅಂದಿನಿಂದ ಹಟ್ಟಿಯಲ್ಲಿ ಮಾಮಿಯ ಡಿಗ್ರಿಗೆ ಉದಕ ಪಡಿಪ್ಪು ಎಂದೇ ಹೆಸರು ಬಿತ್ತು. ಬಸ್ ಸ್ಟಾಪಿನಲ್ಲಿ ಕಂಡವರು, "ಏನಮ್ಮೀ, ಉದಕ ಬೆಂತಾ?" ಎಂದು ಕೇಳುತ್ತಿದ್ದರು. ಮಾಮಿ, "ಇನ್ನೂ ಒಂದು ಕುದಿ ಬಾಕಿ" ಅನ್ನುತ್ತಿದ್ದಳು.

ಹೆತ್ತೆ ಹಾಗೆ ಮಾತಿನಲ್ಲಿ ಮೈದುನನನ್ನು ಮಣಿಸಿದರೂ ಅವಳ ಎದೆಯೊಳಗೂ ಅಳುಕಿತ್ತು. ಮಗಳು ದೂರವಾಗುತ್ತಿದ್ದಾಳೆ ಅನ್ನುವ ಅಳುಕು. ಅದನ್ನು ಅವಳು ಸ್ವೆಟರಿನ ರೂಪದಲ್ಲಿ ತೋರಿಸುತ್ತಿದ್ದಳು. ನಡುಹಗಲು ರಸ್ತೆಯ ಡಾಂಬರು ಕರಗುವ ಆ ಊರಿಗೆ ಹೆತ್ತೆ ಪ್ರತಿ ಸಲವೂ ಒಂದು ಹೊಸ ಉಣ್ಣೆಯ ಸ್ವೆಟರ್ ಕಟ್ಟಿ ಕಳಿಸುತ್ತಿದ್ದಳು. ಬೇಡ ಅನ್ನುವ ಧೈರ್ಯ ಮಾಮಿಗೆ ಇರಲಿಲ್ಲ. ಹಾಸ್ಟೆಲಿನ ಗೆಳತಿಯರು ಅವನ್ನು ಒಟ್ಟುಮಾಡಿ ದಿಂಬು ಮಾಡಿಕೊಂಡಿದ್ದರಂತೆ. "ನಮ್ಮ ಕ್ಲಾಸಿನವರೆಲ್ಲ ನಿನ್ನ ಮೇಲೇ ಮಲಗೋದು ಅವ್ವೆ" ಎಂದು ಮಾಮಿ ಹೇಳಿದಾಗ ಹೆತ್ತೆಗೆ ಅರ್ಥವಾಗಲಿಲ್ಲ, ಆದರೂ ಸಂತೋಷಪಟ್ಟಳು.

ಈಗ ಪಾಪದ ವಿಷಯಕ್ಕೆ ಬರುತ್ತೇನೆ.

ನಮ್ಮಲ್ಲಿ ಯಾರಾದರೂ ತೀರಿಕೊಂಡರೆ ಕರು ಹರಸುವುದು ಎಂದು ಒಂದು ಪದ್ಧತಿ. ಹಿರಿಯರೊಬ್ಬರು ಹೆಣದ ತಲೆಯ ಬಳಿ ನಿಂತು, ಸತ್ತವರು ಮಾಡಿರಬಹುದಾದ ಪಾಪಗಳನ್ನೆಲ್ಲ ಒಂದೊಂದಾಗಿ ಹೇಳುತ್ತಾರೆ. ಒಂದೊಂದಕ್ಕೂ ಸುತ್ತ ನಿಂತವರೆಲ್ಲ ಒಟ್ಟಿಗೆ "ಅದು ಪಾಪ!" ಅನ್ನಬೇಕು. ಹಿಂದೆ ಆ ಪಾಪಗಳನ್ನೆಲ್ಲ ಒಂದು ಕರುವಿನ ಮೇಲೆ ಹೊರಿಸಿ ಅದನ್ನು ಬಿಟ್ಟುಬಿಡುತ್ತಿದ್ದರು. ನನ್ನ ಕಾಲಕ್ಕೆ ನಮ್ಮ ಕಡೆ ಕರು ಹೋಗಿ ಮಾತು ಮಾತ್ರ ಉಳಿದಿತ್ತು. ನಮ್ಮ ಹಟ್ಟಿಯಲ್ಲಿ ಹೇಳುತ್ತಿದ್ದವರು ಬೆಳ್ಳಿ ತಾತ. ಅವರ ದನಿಗೆ ಎದುರು ಬೆಟ್ಟವೂ "ಪಾಪ" ಅನ್ನುತ್ತಿತ್ತು. ಸತ್ತವರು ಅದನ್ನೆಲ್ಲ ಮಾಡಿದ್ದರೋ ಇಲ್ಲವೋ ಯಾರೂ ಕೇಳುವುದಿಲ್ಲ. ಎಲ್ಲ ಹೊರಿಸಿ, ಎಲ್ಲ ಇಳಿಸಿ, ಹಗುರ ಮಾಡಿ ಕಳಿಸುವುದು, ಅಷ್ಟೇ. ಮಕ್ಕಳಾದ ನಮಗೆ ಸಾವೆಂದರೆ ಏನೆಂದು ತಿಳಿಯುವ ಮೊದಲೇ ಆ ಕೂಗು ಬಾಯಿಗೆ ಕೂತುಬಿಟ್ಟಿತ್ತು.

ಮಾಮಿ ಮೊದಲ ವರ್ಷದ ರಜೆಗೆ ಬಂದಾಗ ಹೇಳಿದ ಸುದ್ದಿಯೇ ಇದು. "ಅವ್ವೆ, ಅಲ್ಲಿ ಚಾಪೆಲಿನಲ್ಲೂ, ಕಾಲೇಜಿನ ಪ್ರಾರ್ಥನೆ ಮನೇಲಿ, ಹೀಗೇ ಪಾಪ ಹೇಳ್ತಾರೆ. ಒಬ್ರು ಹೇಳೋದು, ಎಲ್ರೂ ಒಟ್ಟಿಗೆ ದನಿಗೂಡ್ಸೋದು. ಆದ್ರೆ ಯಾರೂ ಸತ್ತಿರಲ್ಲ. ವಾರವಾರ ಹೇಳ್ತಾರೆ."

ಹೆತ್ತೆ ಬೆರಗಾದಳು. "ಬದುಕಿರೋರ ಪಾಪಾನ ಅವ್ರ ಮುಂದೇನೇ ಹೇಳಿದ್ರೆ ಹೊಡೆದಾಟ ಆಗಲ್ವಾ?"

"ತಮ್ಮ ಪಾಪ ತಾವೇ ಹೇಳ್ಕೋತಾರೆ."

"ಅಯ್ಯೋ ಶಿವನೇ. ನಮ್ಮ ಹಟ್ಟೀಲಿ ಹಾಗೆ ಶುರು ಮಾಡಿದ್ರೆ ಟೀ ಲೀಫ್ ಕೀಳೋಕೆ ಯಾರು ಹೋಗ್ತಾರೆ? ಒಬ್ಬೊಬ್ಬನಿಗೂ ಒಂದು ದಿನ ಬೇಕು."

ಮಾಮಿ ಇದನ್ನು ಕಾಲೇಜಿನಲ್ಲಿ ಹೇಳಿದಳಂತೆ. ಅವಳ ಪ್ರೊಫೆಸರಮ್ಮ, ಬಿಳಿ ಕೂದಲಿನ ತಮಿಳು ಕ್ರಿಶ್ಚಿಯನ್ ಹೆಂಗಸು, ಮೇಜು ತಟ್ಟಿ ನಕ್ಕು, "ಕಮಲಾ, ನಿನ್ನ ಕೊನೆಯ ವರ್ಷದ ಕೆಲಸ ಇದೇ. ನಿಮ್ಮ ಹಟ್ಟಿಯ ಪಾಪಗಳನ್ನು ತಾ. ಬರೆದು ತರಬೇಡ, ಬಾಯಲ್ಲಿ ತಾ. ನಮ್ಮ ಮುಂದೆ ನಿಂತು ಹೇಳಬೇಕು" ಅಂದರಂತೆ. ಇದನ್ನು ಹೇಳುವಾಗ ಮಾಮಿಯ ಮುಖ ನೋಡಬೇಕಿತ್ತು. ಇಷ್ಟು ದಿನ ಅವರ ಪುಸ್ತಕಗಳನ್ನು ಇವಳು ಓದುತ್ತಿದ್ದಳು. ಈಗ ಇವಳ ಮನೆಯದೇ ಅವರಿಗೆ ಪಾಠ.

ಆದರೆ ಕೊನೆಯ ವರ್ಷವೇ ಅನುಮಾನದಲ್ಲಿತ್ತು. ಕೀಳ್ ಕೋತಗಿರಿಯ ಕಡೆಯಿಂದ ಒಂದು ಗಂಡು ಬಂದಿತ್ತು. ಒಳ್ಳೆಯ ಮನೆ, ಟೀ ತೋಟ, ಹುಡುಗನಿಗೆ ಅಷ್ಟೂ ಹಲ್ಲು ಇದ್ದವು. ಬೆಳ್ಳಿ ತಾತ ಆಗಲೇ ಮಾತು ಕೊಟ್ಟಷ್ಟು ಮಾಡಿದ್ದರು. "ಎರಡು ವರ್ಷ ಉದಕ ತಿಂದಿದ್ದು ಸಾಕು. ಬರೋ ಭಾನುವಾರ ಕೂಟ ಸೇರಿಸ್ತೀನಿ" ಎಂದು ಹೇಳಿ ಹೋದರು. ಕೂಟದಲ್ಲಿ ಗೌಡ ಹೇಳಿದ ಮೇಲೆ ಮುಗಿಯಿತು. ಅಪ್ಪ ಚಿಕ್ಕಪ್ಪನ ಮುಂದೆ ಬಾಯಿ ತೆರೆಯುವವನಲ್ಲ. ಮಾಮಿ ಹೆತ್ತೆಯನ್ನು ಕೇಳಿದಳು, "ಅವ್ವೆ, ನೀನೇನಂತೀಯ?" ಹೆತ್ತೆ ಕೆಮ್ಮಿದಳು. ಅವಳಿಗೆ ನಿಜವಾಗಲೂ ಕೆಮ್ಮಿತ್ತು, ಆದರೆ ಆ ಕೆಮ್ಮು ಬೇಕೆಂದೇ ಕೆಮ್ಮಿದ್ದು.

ಹೀಗಿರುವಾಗ ಕೂಟದ ಮುಂಚಿನ ದಿನ, ಎಷ್ಟೋ ದಿನದ ಮಂಜು ಸರಿದು ಬಿಸಿಲು ಬಿತ್ತು. ಹೆತ್ತೆಯ ಎದೆಗೆ ಶಾಖ ಬೀಳಲೆಂದು ಅವಳ ಮಂಚವನ್ನು ಅಂಗಳಕ್ಕೆ ತಂದು ಹಾಕಿದ್ದರು. ಮಾಮಿ ಅಂಗಳದ ಇನ್ನೊಂದು ಮೂಲೆಯಲ್ಲಿ ಪಾಪಗಳನ್ನು ಅಭ್ಯಾಸ ಮಾಡುತ್ತಿದ್ದಳು. ಮತ್ತೆ ಕಾಲೇಜಿಗೆ ಹೋಗುವುದೇ ಖಾತ್ರಿಯಿಲ್ಲ, ಆದರೂ ಅಭ್ಯಾಸ. ಒಬ್ಬಳೇ ಹೇಳಿದರೆ ಲಯ ಸಿಗುವುದಿಲ್ಲ ಎಂದು ನಮ್ಮನ್ನೆಲ್ಲ ಕರೆದು ಸಾಲಾಗಿ ನಿಲ್ಲಿಸಿದಳು. ನಾವು ಚಿಳ್ಳೆಪಿಳ್ಳೆಗಳ ದಂಡು, ಕೂಗುವುದಕ್ಕೆ ಕೂಲಿ ಕೇಳುವವರಲ್ಲ.

ನನಗೋ ಆಗಲೇ ಎಲ್ಲದರಲ್ಲೂ ತಲೆ ಹಾಕುವ ಗುಣ. "ಹೆಣ ಇಲ್ಲದೆ ಹೇಗೆ ಮಾಮಿ?" ಅಂದೆ. ದೊಡ್ಡಪ್ಪನ ಮಗ ಸತ್ತವನಾಗಲು ಒಪ್ಪಿ ಮಲಗಿದ, ಆದರೆ ಪ್ರತಿ ಪಾಪಕ್ಕೂ ಕಿಸಕ್ಕನೆ ನಗುತ್ತಿದ್ದ. ಆಗ ಮಂಚದಿಂದ ಹೆತ್ತೆಯ ದನಿ ಬಂತು.

"ಇಲ್ಲಿ ಬಂದು ಹೇಳ್ರೇ. ನಾನೂ ಕೇಳ್ತೀನಿ."

"ಅವ್ವೆ, ಬೇಡ. ಬದುಕಿರೋರ ಹತ್ರ ಹೇಳಬಾರದು."

"ಸತ್ತ ಮೇಲೆ ಹೇಳಿದ್ರೆ ನಂಗೆ ಕೇಳುಸ್ತದಾ? ಬಾ."

ಮಾಮಿ ಹಿಂಜರಿಯುತ್ತಲೇ ಮಂಚದ ತಲೆಯ ಕಡೆ ಹೋಗಿ ನಿಂತಳು. ನಾವು ಸುತ್ತ ನಿಂತೆವು. ಶುರುವಾಯಿತು. ಹಸಿದು ಬಂದವನಿಗೆ ಒಲೆ ಆರಿದೆ ಅಂದದ್ದು. ಅದು ಪಾಪ! ನೆರೆಮನೆಯ ಮಗು ಅತ್ತರೆ ಕಿವಿ ಮುಚ್ಚಿಕೊಂಡದ್ದು. ಅದು ಪಾಪ! ಹೆತ್ತೆಗೆ ಬಿಸಿಲು ಹಿತವಾಗಿ, ಕಣ್ಣಿಗೆ ಬೆಳಕು ಬೀಳದಿರಲೆಂದು ಬಿಳಿ ದುಪ್ಪಟಿಯನ್ನು ಮುಖದ ಮೇಲೆ ಎಳೆದುಕೊಂಡು ಚೆನ್ನಾಗಿ ನಿದ್ದೆ ಹೋದಳು.

ಈಗ ಎದುರಿನ ಇಳಿಜಾರಿನಲ್ಲಿ ಲೀಫ್ ಕೀಳುತ್ತಿದ್ದವರ ಕಣ್ಣಿನಿಂದ ನೋಡಿ. ಅಂಗಳದಲ್ಲಿ ಮಂಚ. ಮಂಚದ ಮೇಲೆ ಬಿಳಿ ಬಟ್ಟೆ ಮುಚ್ಚಿದ ಮುದುಕಿ, ಅದೂ ತಿಂಗಳಿನಿಂದ ಕೆಮ್ಮುತ್ತಿದ್ದವಳು. ತಲೆಯ ಬಳಿ ನಿಂತು ಮಗಳು ಕರು ಹರಸುತ್ತಿದ್ದಾಳೆ. ಸುತ್ತ ಮೊಮ್ಮಕ್ಕಳು ಗಂಟಲು ಹರಿಯುವಂತೆ ಕೂಗುತ್ತಿದ್ದಾರೆ. ನಾವಂತೂ ಹುರುಪಿನಲ್ಲಿ ದೊಡ್ಡವರಿಗಿಂತ ಜೋರಾಗಿ ಕೂಗುತ್ತಿದ್ದೆವು.

ಮೊದಲು ಒಬ್ಬ ಹೆಂಗಸಿನ ಅಳು ಕೇಳಿಸಿತು. ಆಮೇಲೆ ಇಡೀ ಇಳಿಜಾರೇ ಅಳತೊಡಗಿತು. ಬುಟ್ಟಿಗಳನ್ನು ಗಿಡಗಳ ನಡುವೆಯೇ ಬಿಸಾಡಿ ಜನ ಓಡಿ ಬಂದರು. ಮಾಮಿ ತಿರುಗಿ ನೋಡಿ, ಏನಾಗುತ್ತಿದೆ ಎಂದು ತಿಳಿದು ಬಾಯಿ ತೆರೆಯುವಷ್ಟರಲ್ಲಿ ಅಂಗಳ ತುಂಬಿತ್ತು. ಅವಳ ಮಾತು ಯಾರಿಗೂ ಕೇಳುತ್ತಿರಲಿಲ್ಲ. ಎಲ್ಲರನ್ನೂ ಸರಿಸಿ ಬೆಳ್ಳಿ ತಾತ ಬಂದರು, ಮುಂಡಾಸು ಬಿಚ್ಚಿ ಕೈಯಲ್ಲಿ ಹಿಡಿದು. ಅವರ ಬೋಳುತಲೆಯನ್ನು ನಾನು ನೋಡಿದ್ದು ಅದೇ ಮೊದಲು. ಮಂಚದ ಕಾಲಿಗೆ ತಲೆ ಹಚ್ಚಿ ಮಗುವಿನ ಹಾಗೆ ಬಿಕ್ಕಿದರು.

"ಅತ್ತಿಗೇ... ಅವ್ವೆ ಸತ್ತಾಗ ನಂಗೆ ತುತ್ತು ಹಾಕಿ ಬೆಳೆಸಿದವಳು ನೀನು. ಮೊನ್ನೆ ನಿನ್ನ ಹತ್ರ ಗಂಟು ಮುಖ ಮಾಡ್ಕೊಂಡು ಹೋದೆನಲ್ಲ ಅತ್ತಿಗೇ..."

ಈ ಗದ್ದಲಕ್ಕೆ ಹೆತ್ತೆಗೆ ಎಚ್ಚರವಾಯಿತು. ದುಪ್ಪಟಿ ಸರಿಸಿ ಎದ್ದು ಕೂತಳು. ಎಲ್ಲರೂ ಅಳುತ್ತಿರುವುದನ್ನು ಕಂಡು, ನಮ್ಮ ಹೆಂಗಸರ ಅಭ್ಯಾಸದಂತೆ ತಾನೂ ಒಂದು ಅಳು ಶುರುಮಾಡಿ, ಸ್ವಲ್ಪ ಅತ್ತು, ಆಮೇಲೆ ಪಕ್ಕದವಳನ್ನು ಕೇಳಿದಳು:

"ಯಾರೇ ಸತ್ತಿದ್ದು?"

ಆಮೇಲಿನ ಕಿರುಚಾಟವನ್ನು ನಾನು ಬರೆಯಲಾರೆ. ಒಬ್ಬಳು ನಾವು ಒಣಗಲು ಹಾಕಿದ್ದ ಅವರೆಕಾಳಿನ ಮೇಲೇ ಬಿದ್ದಳು. ನಿಜ ಗೊತ್ತಾದ ಮೇಲೆ ಕೆಲವರು ನಕ್ಕರು. ಬೆಳ್ಳಿ ತಾತ ಮುಂಡಾಸು ಸುತ್ತಿಕೊಂಡರು, ಅವಸರಕ್ಕೆ ಸೊಟ್ಟಗಾಯಿತು. ಅಳು ಇಳಿದಷ್ಟೇ ವೇಗದಲ್ಲಿ ಕೋಪ ಏರಿತು.

"ನೋಡಿದ್ರಾ! ಆ ಕಾಲೇಜು ಕಲಿಸಿದ್ದು ಇದೇ! ಹೆಣ್ಣು ನಿಂತು ಕರು ಹರಸೋದು, ಅದೂ ಬದುಕಿರೋ ತಾಯಿಗೆ! ನಾಳೆ ಕೂಟ ಬೇಡ, ಇಲ್ಲೇ ಎಲ್ರೂ ಇದ್ದೀರಿ. ಇವತ್ತಿಗೆ ಇವಳ ಪಡಿಪ್ಪು ಮುಗೀತು!"

ಮಾಮಿ ಅಳಲಿಲ್ಲ. ನನ್ನ ಕೈ ಹಿಡಿದಿದ್ದಳು, ಆ ಹಿಡಿತಕ್ಕೆ ನನ್ನ ಬೆರಳು ನೋಯುತ್ತಿತ್ತು, ಬಿಡಿಸಿಕೊಳ್ಳಲು ಮನಸ್ಸಾಗಲಿಲ್ಲ.

ಹೆತ್ತೆ ಮಂಚದ ಮೇಲಿಂದ ಸುತ್ತ ನೋಡಿದಳು. ಬುಟ್ಟಿ ಬಿಸಾಡಿ ಬಂದವರನ್ನು, ಅತ್ತು ಕೆಂಪಾದ ಕಣ್ಣುಗಳನ್ನು, ಮೈದುನನ ಸೊಟ್ಟ ಮುಂಡಾಸನ್ನು. ಆಮೇಲೆ ಮೆಲ್ಲಗೆ, "ಕಮಲಾ, ಪೂರ್ತಿ ಹೇಳಿ ಮುಗಿಸಿದ್ಯಾ?" ಅಂದಳು.

"ಇಲ್ಲೆ ಅವ್ವೆ. ಅರ್ಧ ಆಗಿತ್ತು."

ಬೆಳ್ಳಿ ತಾತನ ಮುಖ ಬಿಳುಪೇರಿತು. ಹರಸುವುದನ್ನು ಅರ್ಧಕ್ಕೆ ನಿಲ್ಲಿಸಿದರೆ ಹೇಳಿದ ಪಾಪಗಳೆಲ್ಲ ಇಳಿಯದೆ ಮನೆಯ ಮೇಲೇ ಕೂತುಬಿಡುತ್ತವೆ ಎಂದು ನಮ್ಮ ಹಟ್ಟಿಗೆಲ್ಲ ಹೇಳಿಕೊಟ್ಟವರೇ ಅವರು. "ಅರ್ಧಕ್ಕಾ? ಅಯ್ಯೋ ಕೆಟ್ಟೆವು. ಮುಗಿಸಬೇಕು, ಈಗಲೇ ಮುಗಿಸಬೇಕು!"

"ನಂದು ತಾನೇ? ನಾನೇ ಮುಗಿಸ್ತೀನಿ," ಅಂದಳು ಹೆತ್ತೆ. "ಅಲ್ಲಿ ಚಾಪೆಲಿನಲ್ಲಿ ತಮ್ಮದು ತಾವೇ ಹೇಳ್ಕೋತಾರಂತೆ. ನೀವು ಕೂಗ್ರಿ."

ಬೇಡ ಅನ್ನಲು ಯಾರಿಗೂ ಧೈರ್ಯ ಸಾಲಲಿಲ್ಲ. ಹೆತ್ತೆ ತಲೆಬಟ್ಟೆ ಸರಿಮಾಡಿಕೊಂಡು, ಬೆನ್ನು ನೆಟ್ಟಗೆ ಮಾಡಿ, ಕೆಮ್ಮಿಲ್ಲದ ದನಿಯಲ್ಲಿ ಶುರುಮಾಡಿದಳು.

"ಅತ್ತೆಗೆ ಕಾಣದ ಹಾಗೆ ಹಾಲಿನ ಕೆನೆ ತಿಂದೆ."

"ಅದು ಪಾಪ!" ಎಂದು ಜನ. ಒಂದಿಬ್ಬರು ನಕ್ಕರು.

"ಹೊಲದಲ್ಲಿ ಓರಗಿತ್ತಿ ಸೊಂಟ ನೋವು ಅಂದಾಗ ನಾಟಕ ಅಂದೆ."

"ಅದು ಪಾಪ!" ನಗು ಕಡಿಮೆಯಾಯಿತು. ಓರಗಿತ್ತಿ ತೀರಿಕೊಂಡು ಬಹಳ ಕಾಲವಾಗಿತ್ತು. ಆಕೆ ಬೆಳ್ಳಿ ತಾತನ ಹೆಂಡತಿ.

"ಮಗನಿಗೆ ಗಟ್ಟಿ ಮೊಸರು ಹಾಕಿ ಮಗಳಿಗೆ ನೀರು ಮಜ್ಜಿಗೆ ಹಾಕಿದೆ."

"ಅದು ಪಾಪ!" ಅಪ್ಪ ತಲೆ ತಗ್ಗಿಸಿದ, ಆದರೆ ಕೂಗಿದ.

ಈಗ ಲಯ ಹಿಡಿದಿತ್ತು. ಎಲ್ಲರ ಉಸಿರೂ ಒಂದಾಗಿತ್ತು. ಬೆಳ್ಳಿ ತಾತ ಕಣ್ಣು ಮುಚ್ಚಿ, ಎಷ್ಟೋ ವರ್ಷದ ಅಭ್ಯಾಸದಲ್ಲಿ ಎಲ್ಲರಿಗಿಂತ ಜೋರಾಗಿ, ಎಲ್ಲರಿಗಿಂತ ಮೊದಲು ಕೂಗುತ್ತಿದ್ದರು. ಹೆತ್ತೆ ಒಂದು ಉಸಿರು ಎಳೆದುಕೊಂಡಳು.

"ಓದೋಕೆ ಹೊರಟ ಹೆಣ್ಣಿನ ದಾರಿಗೆ ಅಡ್ಡ ನಿಂತೆ."

"ಅದು ಪಾಪ!!"

ಎದುರು ಬೆಟ್ಟವೂ ಹೇಳಿತು. ಬೆಳ್ಳಿ ತಾತ ಕಣ್ಣು ತೆರೆದರು. ತೆರೆದ ಬಾಯಿ ತೆರೆದೇ ಇತ್ತು. ತಾವೇನು ಕೂಗಿದೆವೆಂದು ಒಬ್ಬೊಬ್ಬರಿಗಾಗಿ ತಿಳಿಯುತ್ತಿದ್ದುದು ಮುಖಗಳಲ್ಲಿ ಕಾಣುತ್ತಿತ್ತು.

"ಅತ್ತಿಗೆ," ಅಂದರು ತಾತ ಕೊನೆಗೆ, "ಇದು ಮೋಸ."

"ಪಾಪ ಅಂದಿದ್ದು ನೀನು ಮೈದುನಾ. ನಾನು ಬರೀ ಹೇಳ್ದೆ."

"ಹರಸೋ ಮಾತಲ್ಲಿ ಆ ಸಾಲು ಇಲ್ಲವೇ ಇಲ್ಲ!"

"ನನ್ನ ಎದೇಲಿ ಇತ್ತು. ಇಳಿಸಿಬಿಟ್ಟೆ. ಈಗ ಅದನ್ನ ಯಾರು ಹೊತ್ಕೋತೀರೋ ಹೊತ್ಕೊಳ್ಳಿ."

ಯಾರೂ ಮುಂದೆ ಬರಲಿಲ್ಲ. ಎಲ್ಲರೆದುರು ಗಂಟಲೆತ್ತಿ ಪಾಪ ಎಂದದ್ದನ್ನು ಮರುದಿನವೇ ಮಾಡುವುದು ಹೇಗೆ? ಬೆಳ್ಳಿ ತಾತ ಮುಂಡಾಸು ಮುಟ್ಟಿ ನೋಡಿಕೊಂಡರು, ಸೊಟ್ಟಗಿರುವುದು ತಿಳಿಯಿತು, ಸರಿಮಾಡಲಿಲ್ಲ. ಮಾಮಿಯ ಹತ್ತಿರ ಬಂದು, "ಅಲ್ಲಿ ಹೇಳೋವಾಗ ಮೂರನೇ ಪಾಪದಲ್ಲಿ ದನಿ ಏರಿಸಬೇಡ. ಅಲ್ಲೇ ಏರಿಸಿದ್ರೆ ಕೊನೆಗೆ ಉಸಿರು ಸಾಲಲ್ಲ. ಸಂಜೆ ಮನೆಗೆ ಬಾ, ಸರಿಯಾಗಿ ಹೇಳ್ಕೊಡ್ತೀನಿ" ಅಂದರು. ಅವರು ಹೋದ ಮೇಲೆ ಮಾಮಿ ಮಂಚದ ಪಕ್ಕ ಕುಸಿದು ಹೆತ್ತೆಯ ಮಡಿಲಲ್ಲಿ ಮುಖ ಇಟ್ಟಳು. ಹೆತ್ತೆ ಅವಳ ಬೆನ್ನು ತಟ್ಟುತ್ತಾ, "ಈ ಸಲ ಸ್ವೆಟರ್ ಎರಡು ಕೊಡ್ತೀನಿ" ಅಂದಳು.

ಮಾಮಿ ಹೋದಳು, ಮುಗಿಸಿದಳು. ಆಮೇಲೆ ಊಟಿಯ ಶಾಲೆಯೊಂದರಲ್ಲಿ ಚರಿತ್ರೆ ಕಲಿಸಲು ಸೇರಿ, ಲೆಕ್ಕ ಬಿಟ್ಟು ಮಿಕ್ಕಿದ್ದೆಲ್ಲ ಕಲಿಸಿದಳು. ಶಿಲುಬೆ ನೇತುಹಾಕಿಕೊಳ್ಳಲಿಲ್ಲ, ಆದರೆ ಪ್ರೊಫೆಸರಮ್ಮ ತೀರಿಕೊಂಡಾಗ ಚರ್ಚಿಗೆ ಹೋಗಿ ಎಲ್ಲರೊಡನೆ ಮಂಡಿಯೂರಿದಳು. ನಾನು ಕಾಲೇಜಿಗೆ ಹೊರಟಾಗ ಹಟ್ಟಿಯಲ್ಲಿ ಒಬ್ಬರೂ ಯಾವ ಪಡಿಪ್ಪು, ಯಾಕೆ ಪಡಿಪ್ಪು ಎಂದು ಕೇಳಲಿಲ್ಲ. ಕೇಳಿದ್ದರೆ ಹೇಳಲು ನನ್ನ ಬಳಿ ಉತ್ತರವೂ ಇರಲಿಲ್ಲ. ನನಗಾಗಿ ಯಾರೋ ಮೊದಲೇ ಬೈಸಿಕೊಂಡು, ದಾರಿ ಸವೆಸಿ ಇಟ್ಟಿದ್ದರು. ಈ ಋಣಕ್ಕೆ ಏನು ಹೇಳುವುದು? ಬ್ಯಾಂಕಿನ ಕೆಲಸದಲ್ಲಿ ಇಷ್ಟು ವರ್ಷ ಸಾಲದ ಲೆಕ್ಕ ಬರೆದರೂ ಗೊತ್ತಾಗಲಿಲ್ಲ.

ಹೆತ್ತೆ ನಿಜವಾಗಿ ತೀರಿಕೊಂಡದ್ದು ನಾನು ಕಾಲೇಜಿನಲ್ಲಿದ್ದಾಗ. ಓಡಿ ಬಂದೆ. ಅಂಗಳದಲ್ಲಿ ಅದೇ ಮಂಚ, ಬಿಳಿ ಬಟ್ಟೆ. ವಿಚಿತ್ರವೆಂದರೆ ಯಾರೂ ಅಳುತ್ತಿರಲಿಲ್ಲ, ಎಲ್ಲರೂ ಸ್ವಲ್ಪ ದೂರ ನಿಂತು ಕಾಯುತ್ತಿದ್ದರು. ತೀರ ಮುದುಕರಾಗಿದ್ದ ಬೆಳ್ಳಿ ತಾತ ಕೋಲೂರಿಕೊಂಡು ಹತ್ತಿರ ಹೋಗಿ, ಬಗ್ಗಿ, ಮೆಲ್ಲಗೆ ಕೇಳಿದರು:

"ಅತ್ತಿಗೆ, ಈ ಸಲ ನಿಜಾನಾ?"

ಉತ್ತರ ಬರಲಿಲ್ಲ. ಆಮೇಲೆ ಎಲ್ಲರೂ ಅತ್ತರು.

ತಾತನೇ ಹರಸಿದರು. ದನಿ ಸೋತಿತ್ತು, ಆದರೆ ಒಂದು ಪಾಪವನ್ನೂ ಬಿಡಲಿಲ್ಲ. ಕೊನೆಗೆ ಬಂದಾಗ ನಿಂತರು. ಜನದ ನಡುವೆ ಮಾಮಿಯನ್ನು ಹುಡುಕಿದರು, ನನ್ನನ್ನೂ ನೋಡಿದರು. ಉಳಿದಿದ್ದ ಉಸಿರನ್ನೆಲ್ಲ ಸೇರಿಸಿ ಹೇಳಿದರು: "ಓದೋಕೆ ಹೊರಟ ಹೆಣ್ಣಿನ ದಾರಿಗೆ ಅಡ್ಡ ನಿಂತದ್ದು." ಆ ದಿನ ನನ್ನ ಗಂಟಲು ಹರಿದುಹೋಯಿತು. ಅದು ಇನ್ನೂ ಪೂರ್ತಿ ಹೊಲಿದುಕೊಂಡಿಲ್ಲ, ಅಪಾರ್ಟ್‌ಮೆಂಟಿನವರು ಕ್ಷಮಿಸಬೇಕು.

ಈಚೆಗೆ ಹಟ್ಟಿಯಲ್ಲಿ ಒಂದು ಸಾವಿಗೆ ಮಾಮಿಯೂ ನಾನೂ ಹೋಗಿದ್ದೆವು. ಬೆಳ್ಳಿ ತಾತ ಈಗಿಲ್ಲ. ಹರಸಿದವನು ಹೊಸ ತಲೆಮಾರಿನವನು, ಜೇಬಿನಲ್ಲಿ ಫೋನು. ಕೊನೆಗೆ ಅದೇ ಸಾಲು ಬಂತು, ಎಲ್ಲರೂ ಕೂಗಿದರು. ಮುಗಿದ ಮೇಲೆ ನಾನು ತಲೆಹರಟೆ ಮಾಡದೆ ಬಿಡಲಿಲ್ಲ. "ಆ ಕೊನೇ ಪಾಪ ಯಾರು ಸೇರಿಸಿದ್ದು ಗೊತ್ತಾ?" ಎಂದು ಕೇಳಿದೆ.

ಅವನು ನನ್ನನ್ನು ಪಾಪದವಳನ್ನು ನೋಡುವಂತೆ ನೋಡಿದ. "ಯಾರೂ ಸೇರಿಸಿಲ್ಲ ಅಕ್ಕ. ನಮ್ಮ ಹಿರೀಕರ ಕಾಲದಿಂದಲೂ ಅದು ಹಾಗೇ ಇದೆ."

ನಾನು ಬಾಯಿ ತೆರೆದೆ. ಚರಿತ್ರೆ ಓದಿದ ಮಾಮಿ ನನ್ನ ಕಾಲು ತುಳಿದಳು.